ಗ್ಯಾಸ್ ಲೈಟರ್ ಮತ್ತು ಚಿಟಿಕೆ ಲೋಹದ ಪುಡಿ: ಆರಂಭಕಾಲದ ರೇಡಿಯೋವನ್ನು ಮನೆಯಲ್ಲಿ ಕಟ್ಟಿ ನೋಡುವ ಬಗೆ

ವಿದ್ಯುತ್ ಕಿಡಿಯಿಂದ ಹೊರಟ ಅಲೆಗಳು ತಂತಿಯ ಸಂಪರ್ಕವಿಲ್ಲದೆ ದೂರಕ್ಕೆ ಹೋಗುತ್ತವೆ ಎಂಬುದನ್ನು ಹೈನ್ರಿಚ್ ಹರ್ಟ್ಸ್ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ 1887–88ರಲ್ಲಿಯೇ ತೋರಿಸಿದ್ದರೂ, ಮನುಷ್ಯನ ಮಾತು ಆ ಅಲೆಗಳ ಮೇಲೇರಿ ಮನೆಮನೆಗೆ ಬರಲು ಮತ್ತೆ ಮೂರು ದಶಕಗಳು ಹಿಡಿದವು. ನಡುವಿನ ಕಾಲದಲ್ಲಿ ರೇಡಿಯೋ ಎಂದರೆ ಬಹುಮಟ್ಟಿಗೆ ಹಡಗು, ಬಂದರು ಮತ್ತು ದೀಪಸ್ತಂಭಗಳ ಟೆಲಿಗ್ರಾಫ್ ಆಗಿತ್ತು. ಹೀಗೇಕಾಯಿತು ಎಂಬ ಪ್ರಶ್ನೆಗೆ ಉತ್ತರ, ಬಹುಪಾಲು, ಅಲೆಯನ್ನು ಹಿಡಿಯುತ್ತಿದ್ದ ಸಾಧನದ ಸ್ವಭಾವದಲ್ಲಿದೆ. ಕೊಹೀರರ್ ಎಂದು ಕರೆಯಲಾದ ಆ ಸಾಧನ, ಗಾಜಿನ ಕೊಳವೆಯೊಳಗೆ ಎರಡು ಲೋಹದ ತುದಿಗಳ ನಡುವೆ ಹಾಕಿದ ಒಂದಿಷ್ಟು ಲೋಹದ ಪುಡಿ, ಅಷ್ಟೇ. ಅಲೆ ಬಂತು ಎಂದು ಹೇಳಲು ಅದಕ್ಕೆ ಬರುತ್ತಿತ್ತು; ಎಷ್ಟು ಬಂತು, ಹೇಗೆ ಏರಿತು, ಹೇಗೆ ಇಳಿಯಿತು ಎಂದು ಹೇಳಲು ಬರುತ್ತಿರಲಿಲ್ಲ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಮನಸ್ಸಿಗೆ ನಾಟದ ಈ ಸಂಗತಿ, ಕೊಹೀರರ್ ಒಂದನ್ನು ಕೈಯಾರೆ ಕಟ್ಟಿದವರಿಗೆ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಮಂಗಳೂರು, ಉಡುಪಿ ಕಡೆಯ ಹವೆಗೆ ಬೇಕಾದ ಎಚ್ಚರಿಕೆಗಳೊಂದಿಗೆ ಅದನ್ನು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಕೆಲಸಕ್ಕೆ ಇಳಿಯುವ ಮುನ್ನ ಎರಡು ನಿಬಂಧನೆಗಳನ್ನು ಹೇಳಬೇಕು. ಪರವಾನಗಿಯಿಲ್ಲದೆ ರೇಡಿಯೋ ಟ್ರಾನ್ಸ್‌ಮಿಟರ್ ನಡೆಸುವುದು ಭಾರತದಲ್ಲಿ ಕಾನೂನಿಗೆ ವಿರುದ್ಧ. ಕಿಡಿಯ ಟ್ರಾನ್ಸ್‌ಮಿಟರ್ ಅಂತೂ ಸುತ್ತಲಿನ ಎಲ್ಲ ತರಂಗಾಂತರಗಳನ್ನೂ ಒಮ್ಮೆಗೇ ಕೆಡಿಸುವಂಥದ್ದು. ಆದುದರಿಂದ ಇಲ್ಲಿ ಬಳಸುವುದು ಅಡುಗೆಮನೆಯ ಲೈಟರನ್ನು ಮಾತ್ರ, ಅದೂ ಒಂದೇ ಕೋಣೆಯೊಳಗೆ. ಅದಕ್ಕೆ ಉದ್ದದ ತಂತಿ ಜೋಡಿಸುವ, ಕಾರಿನ ಇಗ್ನಿಷನ್ ಕಾಯಿಲ್ ತಂದು ಕಿಡಿ ಹೆಚ್ಚಿಸುವ ಆಸೆಯನ್ನು ಬಿಡಬೇಕು. ಎರಡನೆಯದಾಗಿ, ಲೈಟರ್ ಒತ್ತುವ ಕೆಲಸ ಗ್ಯಾಸ್ ಒಲೆ ಮತ್ತು ಸಿಲಿಂಡರ್‌ಗಳಿಂದ ದೂರದ ಕೋಣೆಯಲ್ಲಿ ಆಗಬೇಕು.

ಮೊದಲು ಕಿಡಿಯನ್ನು ಕಿವಿಯಿಂದ ಕೇಳುವುದು

ಮನೆಯಲ್ಲಿ ಮೀಡಿಯಂ ವೇವ್ ಇರುವ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಅದಕ್ಕೆ ಸೆಲ್ ಹಾಕಿ, ಯಾವ ನಿಲಯವೂ ಕೇಳದ ಜಾಗಕ್ಕೆ ಮುಳ್ಳನ್ನು ತಿರುಗಿಸಿ, ಒಂದು ಅಡಿ ದೂರದಲ್ಲಿ ಲೈಟರನ್ನು ಒತ್ತಬೇಕು. ಬೇಕಾದದ್ದು 'ಟಕ್' ಎಂದು ಗಟ್ಟಿಯಾಗಿ ಸದ್ದು ಮಾಡುವ, ಬ್ಯಾಟರಿ ಇಲ್ಲದ ಬಗೆಯ ಲೈಟರ್. ಅದರೊಳಗಿನ ಹರಳಿನ ಮೇಲೆ ಸಣ್ಣ ಸುತ್ತಿಗೆ ಬಡಿದಾಗ ಸಾವಿರಾರು ವೋಲ್ಟ್ ಹುಟ್ಟಿ, ತುದಿಯಲ್ಲಿ ಕಿಡಿ ಹಾರುತ್ತದೆ. ಅದೇ ಕ್ಷಣದಲ್ಲಿ ರೇಡಿಯೋದಲ್ಲಿ ಚಟ್ ಎಂಬ ಸದ್ದು ಕೇಳುತ್ತದೆ. ಮುಳ್ಳನ್ನು ಬೇರೆ ಕಡೆಗೆ ತಿರುಗಿಸಿ ಮತ್ತೆ ಒತ್ತಿದರೂ ಅದೇ ಸದ್ದು ಬರುತ್ತದೆ. ಕಿಡಿಗೆ ತನ್ನದೇ ಆದ ಒಂದು ತರಂಗಾಂತರವಿಲ್ಲ, ಅದು ಎಲ್ಲ ಕಡೆಯೂ ಹರಡಿಕೊಳ್ಳುತ್ತದೆ ಎಂಬುದನ್ನು ಇಲ್ಲಿಯೇ ಗಮನಿಸಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಮೊದಲ ಇಪ್ಪತ್ತು ವರ್ಷಗಳ ರೇಡಿಯೋ ತಂತ್ರಜ್ಞರನ್ನು ಅತಿ ಹೆಚ್ಚು ಕಾಡಿದ ತೊಂದರೆಗಳಲ್ಲಿ ಇದೂ ಒಂದು.

ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಕಡೆ ಮೋಡ ಕಟ್ಟಿದಾಗ ಇದೇ ರೇಡಿಯೋವನ್ನು ಮನೆಯೊಳಗೆ ಹಾಗೆಯೇ ಇಟ್ಟರೆ, ಗುಡುಗು ಕೇಳುವುದಕ್ಕೂ ಬಹಳ ಮೊದಲೇ ಮಿಂಚಿನ ಗರಗರ ಸದ್ದು ಕೇಳತೊಡಗುತ್ತದೆ. ರಷ್ಯಾದ ಅಲೆಕ್ಸಾಂಡರ್ ಪೊಪೋವ್ 1895ರ ಮೇ 7ರಂದು ಸೇಂಟ್ ಪೀಟರ್ಸ್‌ಬರ್ಗ್‌ನ ವಿದ್ವಾಂಸರ ಮುಂದೆ ಇಟ್ಟದ್ದು ಇಂಥದೇ ಒಂದು ಉಪಕರಣವನ್ನು. ಮಿಂಚಿನ ಅಲೆ ಬಂದೊಡನೆ ಅದು ಗಂಟೆ ಬಾರಿಸುತ್ತಿತ್ತು. ರೇಡಿಯೋ ಅಲೆಯ ಆರಂಭದ ಉಪಯೋಗಗಳಲ್ಲಿ ಒಂದು ಹೀಗೆ ಮಳೆಗಾಲದ ಮುನ್ಸೂಚನೆಗೆ ಹತ್ತಿರದ್ದಾಗಿತ್ತು ಎಂಬುದು ಕರಾವಳಿಯವರಿಗೆ ಹಿಡಿಸಬೇಕಾದ ಸಂಗತಿ. ಆದರೆ ಸಿಡಿಲಿನ ಹೊತ್ತಿನಲ್ಲಿ ರೇಡಿಯೋಕ್ಕೆ ಹೊರಗಿನ ಯಾವ ತಂತಿಯನ್ನೂ ಜೋಡಿಸಬಾರದು.

ಕೊಹೀರರ್ ಕಟ್ಟುವುದು

ಲೋಹದ ಪುಡಿಯ ಗುಣವನ್ನು ಗಮನಕ್ಕೆ ತಂದವರು ಪ್ಯಾರಿಸ್ಸಿನ ಎದೂವಾರ್ ಬ್ರಾನ್ಲಿ. ಸಡಿಲವಾಗಿ ತುಂಬಿದ ಪುಡಿಯ ಮೂಲಕ ವಿದ್ಯುತ್ ಹರಿಯುವುದು ಕಷ್ಟ, ಆದರೆ ಹತ್ತಿರದಲ್ಲಿ ಎಲ್ಲಿಯಾದರೂ ಕಿಡಿ ಹಾರಿದರೆ ಆ ಪುಡಿ ಥಟ್ಟನೆ ವಾಹಕವಾಗುತ್ತದೆ, ಕೊಳವೆಯನ್ನು ತಟ್ಟಿದರೆ ಮತ್ತೆ ಮೊದಲಿನಂತಾಗುತ್ತದೆ ಎಂದು ಅವರು 1890ರಲ್ಲಿ ತೋರಿಸಿದರು. ಕಣಗಳ ಮೇಲಿರುವ ಆಕ್ಸೈಡಿನ ತೆಳುಪೊರೆ ಅಲೆಯ ವೋಲ್ಟೇಜಿಗೆ ಹರಿದು, ಕಣಗಳು ಒಂದನ್ನೊಂದು ಸೂಕ್ಷ್ಮವಾಗಿ ಬೆಸೆದುಕೊಳ್ಳುವುದು ಇದಕ್ಕೆ ಕಾರಣ. ಕೊಹೀರರ್ ಎಂಬ ಹೆಸರನ್ನು ಇಂಗ್ಲೆಂಡಿನ ಆಲಿವರ್ ಲಾಡ್ಜ್ ರೂಢಿಗೆ ತಂದರು.

ಕೊಳವೆಗೆ ಒಳಭಾಗ ಕಾಣುವಂಥ ಬಾಲ್‌ಪೆನ್ನಿನ ಪಾರದರ್ಶಕ ಕವಚದ ಎರಡು ಅಂಗುಲದ ತುಂಡು ಸಾಕು. ಅದರ ಎರಡೂ ಬದಿಗಳಿಂದ ಬಿಗಿಯಾಗಿ ಒಳಸೇರುವ ಎರಡು ಹಿತ್ತಾಳೆಯ ಬೋಲ್ಟುಗಳು ಬೇಕು. ಸಡಿಲವಾದರೆ ನಲ್ಲಿ ಜೋಡಿಸುವವರು ಬಳಸುವ ಟೆಫ್ಲಾನ್ ಟೇಪನ್ನು ಒಂದೆರಡು ಸುತ್ತು ಸುತ್ತಬಹುದು. ಕಬ್ಬಿಣದ ಬೋಲ್ಟು ಆಗುವುದಿಲ್ಲವೆಂದಲ್ಲ, ಆದರೆ ಕಡಲಗಾಳಿಗೆ ಕೆಲವೇ ವಾರಗಳಲ್ಲಿ ತುಕ್ಕು ಹಿಡಿಯುತ್ತದೆ. ಪುಡಿಗೆ ತಾಗುವ ತುದಿಗಳನ್ನು ಅರದಿಂದ ಉಜ್ಜಿ ಸಮತಟ್ಟು ಮಾಡಿ, ಸ್ಯಾಂಡ್‌ಪೇಪರಿನಿಂದ ಹೊಳಪು ಬರುವಂತೆ ತಿಕ್ಕಬೇಕು.

ಪುಡಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಫಲಿತಾಂಶವೆಲ್ಲ ನಿಂತಿರುವುದು ಅದರ ಮೇಲೆಯೇ. ರೇಡಿಯೋ ಟೆಲಿಗ್ರಾಫನ್ನು ಬಳಕೆಗೆ ತಂದ ಇಟಲಿಯ ಮಾರ್ಕೋನಿ ಹತ್ತಾರು ಬಗೆಯ ಪುಡಿಗಳನ್ನು ಪರೀಕ್ಷಿಸಿ ಕೊನೆಗೆ ನೆಚ್ಚಿಕೊಂಡದ್ದು ನೂರಕ್ಕೆ 95 ಭಾಗ ನಿಕ್ಕಲ್, 5 ಭಾಗ ಬೆಳ್ಳಿಯ ಮಿಶ್ರಣವನ್ನು. ಇದನ್ನು ಓದಿದ ಕೂಡಲೇ ಹಳೆಯ ನಾಣ್ಯವನ್ನು ಅರಕ್ಕೆ ಕೊಡುವ ಯೋಚನೆ ಬರುವುದು ಸಹಜ. ಚಲಾವಣೆಯ ನಾಣ್ಯವನ್ನು ಹಾಳುಗೆಡವುವುದು ಅಪರಾಧವಾದ್ದರಿಂದ ಆ ದಾರಿ ಬೇಡ. ಕಬ್ಬಿಣದ ಮೊಳೆ ಅಥವಾ ಅಲ್ಯೂಮಿನಿಯಂ ಪಟ್ಟಿಯನ್ನು ಕಾಗದದ ಮೇಲೆ ಹಿಡಿದು ಅರದಿಂದ ತೇಯ್ದು ಬಂದ ಪುಡಿಯೇ ನಮ್ಮ ಕೆಲಸಕ್ಕೆ ಸಾಕು. ಲೇತ್ ವರ್ಕ್‌ಶಾಪಿನಿಂದ ತಂದ ಪುಡಿಯಲ್ಲಿ ಸಾಮಾನ್ಯವಾಗಿ ಎಣ್ಣೆ ಇರುತ್ತದೆ. ಎಣ್ಣೆಯ ಪೊರೆ ಇದ್ದರೆ ಕಣಗಳು ಬೆಸೆಯುವುದೇ ಇಲ್ಲ. ತೀರ ನುಣ್ಣಗಿನ ಧೂಳನ್ನು ಊದಿ ತೆಗೆದು, ಸಣ್ಣ ರವೆಯಷ್ಟು ಗಾತ್ರದ ಕಣಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಊದುವಾಗ ಕಣ್ಣಿಗೆ ಕನ್ನಡಕವಿರಲಿ.

ನಮ್ಮ ಊರಿನ ಹವೆಯಲ್ಲಿ ತೇವವೇ ದೊಡ್ಡ ಶತ್ರು. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ಅದರಲ್ಲೂ ಆಟಿ ತಿಂಗಳಲ್ಲಿ ಈ ಪ್ರಯೋಗಕ್ಕೆ ಕೈಹಾಕಿದರೆ ಪುಡಿ ಒಂದಕ್ಕೊಂದು ಅಂಟಿಕೊಂಡು, ಇಲ್ಲವೇ ತುಕ್ಕು ಹಿಡಿದು, ಹೇಳಿದ ಮಾತು ಕೇಳುವುದಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ದಿನಗಳು ಅನುಕೂಲ. ಯಾವ ಕಾಲವೇ ಆಗಲಿ, ಪುಡಿಯನ್ನು ತುಂಬುವ ಮುನ್ನ ಅಡುಗೆಗೆ ಬಳಸದ ಹಳೆಯ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಆರಿಸಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು.

ಒಂದು ಬೋಲ್ಟನ್ನು ಕೊಳವೆಗೆ ಸೇರಿಸಿ, ಪುಡಿ ಹಾಕಿ, ಇನ್ನೊಂದು ಬೋಲ್ಟನ್ನು ಮೆಲ್ಲಗೆ ಒಳಕ್ಕೆ ತಳ್ಳಿದರೆ ಕೊಹೀರರ್ ಸಿದ್ಧ. ಎರಡು ತುದಿಗಳ ನಡುವೆ ಮೂರು ಮಿಲಿಮೀಟರಿನಷ್ಟು ಅಂತರವಿದ್ದು, ಆ ಜಾಗದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪುಡಿ ಇರಬೇಕು; ಕೊಳವೆಯನ್ನು ಅಡ್ಡ ಹಿಡಿದಾಗ ಪುಡಿ ಒಳಗೆ ಹೊರಳಾಡುವಷ್ಟು ಸಡಿಲವಿರಬೇಕು. ಪ್ರತಿ ಬೋಲ್ಟಿಗೆ ಒಂದು ಗೇಣಿನಷ್ಟು ತಾಮ್ರದ ತಂತಿಯನ್ನು ಜೋಡಿಸಿ, ಎರಡನ್ನೂ ಎದುರುಬದುರು ದಿಕ್ಕಿಗೆ ನೇರವಾಗಿ ಚಾಚಬೇಕು. ಅಲೆಯನ್ನು ಹಿಡಿಯುವ ಏರಿಯಲ್ ಇದೇ.

ಹೊಂದಿಸುವುದು ಮತ್ತು ಪರೀಕ್ಷಿಸುವುದು

ಮೊದಲ ಪರೀಕ್ಷೆಗೆ ಅಗ್ಗದ ಮಲ್ಟಿಮೀಟರ್ ಒಂದಿದ್ದರೆ ಬೇರೇನೂ ಬೇಡ. ಅದನ್ನು 200 ಕಿಲೋಓಮ್ ಶ್ರೇಣಿಗೆ ತಿರುಗಿಸಿ ಎರಡು ಬೋಲ್ಟುಗಳಿಗೆ ತಾಗಿಸಿದರೆ, ಪುಡಿ ಸಡಿಲವಿರುವಷ್ಟು ಹೊತ್ತು ಪರದೆಯ ಎಡತುದಿಯಲ್ಲಿ 1 ಎಂದು ಮಾತ್ರ ತೋರುತ್ತದೆ. ಪ್ರತಿರೋಧ ಆ ಶ್ರೇಣಿಯನ್ನು ಮೀರಿದೆ ಎಂದು ಅದರ ಅರ್ಥ. ಈಗ ಒಂದು ಅಡಿ ದೂರದಲ್ಲಿ ಲೈಟರ್ ಒತ್ತಬೇಕು. ಅಂಕಿ ಥಟ್ಟನೆ ಕೆಳಗಿಳಿದು ಅಲ್ಲಿಯೇ ನಿಂತರೆ ಬ್ರಾನ್ಲಿ ಕಂಡದ್ದನ್ನು ನೀವೂ ಕಂಡಂತಾಯಿತು. ಪೆನ್ಸಿಲಿನಿಂದ ಕೊಳವೆಯನ್ನು ಮೆಲ್ಲಗೆ ತಟ್ಟಿದಾಗ ಅದು ಮತ್ತೆ 1ಕ್ಕೆ ಹೋಗಬೇಕು.

ಹೀಗಾಗದಿದ್ದರೆ ಗಾಬರಿ ಬೇಡ. ಮೊದಲ ಸಲವೇ ಸರಿಹೋಗುವ ಕೊಹೀರರ್ ಅಪರೂಪ. ಕಿಡಿಯಿಲ್ಲದೆಯೂ ಅಂಕಿ ಕೆಳಗೇ ಇದ್ದರೆ ಪುಡಿ ಹೆಚ್ಚಾಗಿದೆ ಅಥವಾ ಒತ್ತಡ ಹೆಚ್ಚಾಗಿದೆ, ಬೋಲ್ಟನ್ನು ಕೂದಲೆಳೆಯಷ್ಟು ಹಿಂದಕ್ಕೆ ತೆಗೆಯಬೇಕು. ಎಷ್ಟು ಒತ್ತಿದರೂ ಅಲುಗದಿದ್ದರೆ ಅಂತರ ಹೆಚ್ಚಾಗಿದೆ, ಇಲ್ಲವೇ ಪುಡಿಯಲ್ಲಿ ಎಣ್ಣೆಯೋ ತುಕ್ಕೋ ಇದೆ. ಬೋಲ್ಟನ್ನು ತಿರುಗಿಸುತ್ತ, ತಟ್ಟುತ್ತ, ಇನ್ನೇನು ವಿದ್ಯುತ್ ಹರಿಯಬೇಕು ಎನ್ನುವ ಅಂಚಿಗೆ ತಂದು ನಿಲ್ಲಿಸಿದಾಗ ಕೊಹೀರರ್ ಅತಿ ಚುರುಕಾಗಿರುತ್ತದೆ.

ಇದಾದ ಮೇಲೆ ಮಲ್ಟಿಮೀಟರ್ ತೆಗೆದು, ಎರಡು ಪೆನ್ಸಿಲ್ ಸೆಲ್, ಒಂದು ಕೆಂಪು ಎಲ್‌ಇಡಿ, 330 ಓಮಿನ ಒಂದು ರೆಸಿಸ್ಟರ್ ಮತ್ತು ಕೊಹೀರರನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಬೇಕು. ಬೆಳಕು ಹೆಚ್ಚಲಿ ಎಂದು 9 ವೋಲ್ಟಿನ ಬ್ಯಾಟರಿ ಹಾಕಿದರೆ ಕಿಡಿಯ ಹಂಗಿಲ್ಲದೆ ಪುಡಿ ತಾನಾಗಿಯೇ ಬೆಸೆದುಕೊಂಡುಬಿಡಬಹುದು. ರೆಸಿಸ್ಟರ್ ಬಿಟ್ಟರೆ ವಿದ್ಯುತ್ ಹೆಚ್ಚಾಗಿ ಹರಿದು, ತಟ್ಟಿದರೂ ಬಿಡದಷ್ಟು ಗಟ್ಟಿಯಾಗಿ ಅಂಟಿಕೊಳ್ಳಬಹುದು. ಲೈಟರ್ ಒತ್ತಿದರೆ ದೀಪ ಹತ್ತುತ್ತದೆ, ತಟ್ಟಿದರೆ ಆರುತ್ತದೆ. ದೂರವನ್ನು ಅಡಿ ಅಡಿಯಾಗಿ ಹೆಚ್ಚಿಸಿ ನೋಡಬಹುದು.

ನಡುವೆ ಮರದ ಹಲಗೆ ಹಿಡಿದರೂ ದೀಪ ಹತ್ತುತ್ತದೆ. ಆದರೆ ಎಲ್ಲವನ್ನೂ ಸ್ಟೀಲಿನ ಡಬ್ಬದೊಳಗೆ ಹಾಕಿ ಮುಚ್ಚಳ ಬಿಗಿದು, ಹೊರಗೆ ಲೈಟರ್ ಒತ್ತಿ, ಅಲುಗಾಡಿಸದೆ ಮುಚ್ಚಳ ತೆಗೆದರೆ ದೀಪ ಹತ್ತಿರುವುದಿಲ್ಲ. ಜಗದೀಶಚಂದ್ರ ಬೋಸ್ ಅವರು 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ನೆರೆದವರ ಮುಂದೆ, ಗೋಡೆಗಳನ್ನು ದಾಟಿ ಹೋದ ಅಲೆಯಿಂದ ದೂರದ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ತೋರಿಸಿದ್ದು ಇದೇ ತತ್ವದಿಂದ. ಅವರು ಬಳಸಿದ ಅಲೆಗಳ ಉದ್ದ ಮಿಲಿಮೀಟರುಗಳ ಲೆಕ್ಕದ್ದು. ಅಷ್ಟು ಕಿರಿದಾದ ಅಲೆಗಳನ್ನು ಸಂಪರ್ಕಕ್ಕೆ ಬಳಸುವ ಮಾತು ಮತ್ತೆ ಬಂದದ್ದು ನಮ್ಮ ಕಾಲದಲ್ಲಿ. ತಟ್ಟುವ ಅಗತ್ಯವಿಲ್ಲದೆ ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳುವ, ಕಬ್ಬಿಣ ಮತ್ತು ಪಾದರಸದ ಕೊಹೀರರನ್ನು ಅವರು 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮೂಲಕ ಪ್ರಕಟಿಸಿದರು. ಅಟ್ಲಾಂಟಿಕ್ ದಾಟಿದ ಸಂಕೇತವನ್ನು ಹಿಡಿಯಲು ಮಾರ್ಕೋನಿ 1901ರಲ್ಲಿ ಬಳಸಿದ್ದು ಇಟಲಿಯ ನೌಕಾಪಡೆಯಿಂದ ಬಂದ ಪಾದರಸದ ಕೊಹೀರರ್. ಅದರ ಮೂಲ ಬೋಸರದ್ದೇ ಎಂಬ ವಾದ ಇಂದಿಗೂ ನಡೆದಿದೆ. ರೇಡಿಯೋವನ್ನು ಕಂಡುಹಿಡಿದವರು ಯಾರು ಎಂಬ ಜಗಳಕ್ಕಿಂತ, ಯಾರು ಯಾವ ಭಾಗವನ್ನು ಸರಿಪಡಿಸಿದರು ಎಂಬ ಲೆಕ್ಕವೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಕೊಹೀರರ್ ಚುರುಕಾಗಿರುವಾಗ ಪಕ್ಕದ ಕೋಣೆಯಲ್ಲಿ ಮಿಕ್ಸಿ ಹಾಕಿದರೂ, ಹತ್ತಿರದ ಫ್ಯಾನಿನ ಸ್ವಿಚ್ ಆರಿಸಿದರೂ ದೀಪ ಹತ್ತಬಹುದು. ಬಂದ ಅಲೆ ಲೈಟರಿನದೋ ಸ್ವಿಚ್ಚಿನದೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಸಂದೇಶ ಕಳುಹಿಸುವುದು

ಈಗ ಇಬ್ಬರು ಬೇಕು. ಒಬ್ಬರು ಲೈಟರ್ ಹಿಡಿಯಲಿ, ಇನ್ನೊಬ್ಬರು ಕೊಹೀರರನ್ನು ಒಂದೇ ಗತಿಯಲ್ಲಿ, ಸೆಕೆಂಡಿಗೊಮ್ಮೆ ತಟ್ಟುತ್ತಿರಲಿ. ಒಂದು ಕಿಡಿಗೆ ದೀಪ ಹತ್ತಿ, ಮುಂದಿನ ತಟ್ಟಿಗೆ ಆರಿದರೆ ಅದು, ಚುಕ್ಕೆ ಗೆರೆಗಳಲ್ಲಿ ಅಕ್ಷರಗಳನ್ನು ಹೇಳುವ ಮೋರ್ಸ್ ಲಿಪಿಯ ಚುಕ್ಕೆ. ತಟ್ಟುವವರು ತಟ್ಟುತ್ತಲೇ ಇದ್ದರೂ ಲೈಟರನ್ನು ಮತ್ತೆ ಮತ್ತೆ ಒತ್ತಿ ಮೂರು ತಟ್ಟುಗಳಷ್ಟು ಹೊತ್ತು ದೀಪವನ್ನು ಉಳಿಸಿಕೊಂಡರೆ ಅದು ಗೆರೆ. ಮಾರ್ಕೋನಿಯ ಯಂತ್ರದಲ್ಲಿ ವಿದ್ಯುತ್ ಗಂಟೆಯ ಸುತ್ತಿಗೆಯಂಥ ಸಾಧನ ತಟ್ಟುವ ಕೆಲಸ ಮಾಡುತ್ತಿತ್ತು, ಕಾಗದದ ಪಟ್ಟಿಯ ಮೇಲೆ ಚುಕ್ಕೆ ಗೆರೆಗಳು ಬೀಳುತ್ತಿದ್ದವು. ಈ ವಿಧಾನದಲ್ಲಿ ನಿಮ್ಮ ಹೆಸರನ್ನು ಕಳುಹಿಸಿ ನೋಡಿದರೆ, ಮಾತು ಅಥವಾ ಸಂಗೀತವನ್ನು ಇದರ ಮೂಲಕ ಕಳುಹಿಸುವ ಆಲೋಚನೆಯೇ ಅಸಾಧ್ಯವೆಂದು ಗೊತ್ತಾಗುತ್ತದೆ. ಅಷ್ಟು ನಿಧಾನದ, ಅಷ್ಟು ತಂಟೆಯ ಈ ಸಾಧನಕ್ಕೆ ನೆಲದ ಮೇಲೆ ಹೆಚ್ಚಿನ ಬೇಡಿಕೆ ಇರಲಿಲ್ಲ. ಅಲ್ಲಿ ಟೆಲಿಗ್ರಾಫ್ ತಂತಿಗಳು ಆಗಲೇ ಹರಡಿದ್ದವು. ತಂತಿ ಎಳೆಯಲಾಗದ ಜಾಗವೆಂದರೆ ಕಡಲು. ಕಾಪುವಿನ ದೀಪಸ್ತಂಭವನ್ನು ಕಟ್ಟಿದ 1901ರಲ್ಲಿಯೂ ಹೆಚ್ಚಿನ ಹಡಗುಗಳಿಗೆ ದಡದಿಂದ ಹೇಳಬಹುದಾಗಿದ್ದದ್ದು ಬೆಳಕು, ಬಾವುಟ ಮತ್ತು ಸದ್ದಿನ ಮೂಲಕ ಮಾತ್ರ.

ಆದುದರಿಂದಲೇ ಆರಂಭದ ಹಲವು ಮುಖ್ಯ ಪ್ರಯೋಗಗಳು ನೀರಿನ ಮೇಲೆ ನಡೆದವು. 1897ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಕಡಲ್ಗಾಲುವೆಯಲ್ಲಿ ಫ್ಲಾಟ್ ಹೋಮ್ ದ್ವೀಪ ಮತ್ತು ಲಾವರ್ನಾಕ್ ಪಾಯಿಂಟ್ ನಡುವೆ, 1899ರ ಮಾರ್ಚಿನಲ್ಲಿ ಇಂಗ್ಲಿಷ್ ಕಾಲುವೆಯ ಆಚೆಗೆ ಸಂದೇಶಗಳು ಹೋದವು. ಅದೇ ಮಾರ್ಚಿನಲ್ಲಿ ಗುಡ್‌ವಿನ್ ಮರಳುದಿಬ್ಬಕ್ಕೆ ಎಲ್ಬೆ ಎಂಬ ಹಡಗು ಸಿಕ್ಕಿಬಿದ್ದಾಗ, ಅಲ್ಲಿದ್ದ ದೀಪನೌಕೆಯಿಂದ ದಡಕ್ಕೆ ರೇಡಿಯೋದಲ್ಲಿ ಕರೆ ಹೋಗಿ ರಕ್ಷಣಾ ದೋಣಿ ಹೊರಟಿತು. ಮಲ್ಪೆ, ಗಂಗೊಳ್ಳಿಯವರ ಮನಸ್ಸಿಗೆ ಇನ್ನೂ ಹತ್ತಿರವಾಗುವ ಪ್ರಸಂಗ 1900ರ ಫೆಬ್ರವರಿಯದು. ಫಿನ್ಲೆಂಡ್ ಕೊಲ್ಲಿಯ ಹೋಗ್‌ಲಾಂಡ್ ದ್ವೀಪದ ಬಳಿ ಬಂಡೆಗೆ ಸಿಕ್ಕಿದ್ದ ಯುದ್ಧನೌಕೆಯೊಂದನ್ನು ಬಿಡಿಸುವ ಕೆಲಸಕ್ಕಾಗಿ ಪೊಪೋವ್ ಅವರ ರೇಡಿಯೋವನ್ನು ಅಲ್ಲಿ ಸ್ಥಾಪಿಸಿದ್ದರು. ಒಡೆದ ಮಂಜುಗಡ್ಡೆಯ ಮೇಲೆ ಮೀನುಗಾರರು ತೇಲಿಹೋಗಿದ್ದಾರೆ ಎಂಬ ಸುದ್ದಿ ಅದೇ ರೇಡಿಯೋದಲ್ಲಿ ಬಂದು, ಯೆರ್ಮಾಕ್ ಎಂಬ ಹಿಮಭಂಜಕ ಹಡಗು ಹೋಗಿ ಅವರನ್ನು ಕರೆತಂದಿತು. ಭಾರತದಲ್ಲಿಯೂ 1902ರಲ್ಲಿ ಮೊದಲ ಕೇಂದ್ರಗಳನ್ನು ಸ್ಥಾಪಿಸಿದ್ದು ಹೂಗ್ಲಿಯ ಬಾಯಿಯಲ್ಲಿ, ಸಾಗರ ದ್ವೀಪ ಮತ್ತು ಸ್ಯಾಂಡ್‌ಹೆಡ್ಸ್ ನಡುವೆ.

1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟು ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್‌ನಲ್ಲಿ, ಗಾಳಿಪಟಕ್ಕೆ ಕಟ್ಟಿದ ಏರಿಯಲ್ ಮೂಲಕ ಕೇಳಿತೆಂದು ಮಾರ್ಕೋನಿ ಹೇಳಿದ ಸಂಕೇತ 'ಎಸ್' ಅಕ್ಷರ, ಅಂದರೆ ಮೂರು ಚುಕ್ಕೆಗಳು ಮಾತ್ರ. ಲೈಟರ್ ಹಿಡಿದು ಗೆರೆ ಎಳೆಯಲು ಹೆಣಗಾಡಿದವರಿಗೆ ಚುಕ್ಕೆಗಳನ್ನೇ ಆರಿಸಿಕೊಂಡದ್ದೇಕೆಂದು ವಿವರಿಸಬೇಕಾಗಿಲ್ಲ. ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆಗಳ ಎಸ್‌ಒಎಸ್ ಎಂಬ ಆಪತ್ತಿನ ಕರೆಯನ್ನು 1906ರ ಬರ್ಲಿನ್ ಒಪ್ಪಂದದಲ್ಲಿ ಅಂಗೀಕರಿಸಿದರು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿದಾಗ ಕರೆ ಕೇಳಿ ಬಂದ ಕಾರ್ಪೇಥಿಯಾ ಸುಮಾರು 700 ಜನರನ್ನು ಉಳಿಸಿತು. ಅದಕ್ಕಿಂತ ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ರೇಡಿಯೋ ಆಪರೇಟರ್ ಆ ಹೊತ್ತಿಗೆ ಯಂತ್ರ ಆರಿಸಿ ಮಲಗಿದ್ದರು. ಹಡಗುಗಳಲ್ಲಿ ಹಗಲಿರುಳು ಯಾರಾದರೂ ಕೇಳುತ್ತಿರಬೇಕೆಂಬ ನಿಯಮ ಬಂದದ್ದು ಅದರ ನಂತರ. ಇಂದು ದೋಣಿಗಳ ವಿಎಚ್‌ಎಫ್ ಸೆಟ್ಟಿನಲ್ಲಿ 16ನೇ ಚಾನೆಲನ್ನು ತುರ್ತು ಕರೆಗಾಗಿ ತೆರೆದಿಡುವ ಕ್ರಮಕ್ಕೂ ಮೂಲ ಅಲ್ಲಿದೆ.

ಮಾತು ಕೇಳಬೇಕಾದರೆ

ಮಾತು ಕೇಳಲು, ಅಲೆಯ ಏರಿಳಿತವನ್ನು ಹಾಗೆ ಹಾಗೆಯೇ ಹಿಂಬಾಲಿಸುವ ಡಿಟೆಕ್ಟರ್, ಅಂದರೆ ಅಲೆಯನ್ನು ಗುರುತಿಸುವ ಸಾಧನ, ಬೇಕು. ಗಲೀನಾ ಎಂಬ ಸೀಸದ ಅದಿರಿನ ಹರಳಿಗೆ ಈ ಗುಣವಿದೆ. ಅದರ ಡಿಟೆಕ್ಟರಿಗೆ ಅಮೆರಿಕದಲ್ಲಿ 1904ರಲ್ಲಿ ಪೇಟೆಂಟ್ ಸಿಕ್ಕಿದ್ದೂ ಬೋಸರಿಗೇ. ಇಂದು ಹರಳಿನ ಬದಲು 1ಎನ್34ಎ ಅಥವಾ ಓಎ79 ಜರ್ಮೇನಿಯಂ ಡಯೋಡನ್ನು ಬಳಸಬಹುದು. ಎರಡು ಅಂಗುಲದ ಪಿವಿಸಿ ಪೈಪಿನ ಮೇಲೆ 26 ಗೇಜಿನ ಎನಾಮಲ್ ತಾಮ್ರದ ತಂತಿಯನ್ನು ಒತ್ತೊತ್ತಾಗಿ, ಇಪ್ಪತ್ತು ಸುತ್ತಿಗೊಮ್ಮೆ ಸಣ್ಣಗೆ ಮಡಿಸಿ ಹೊರಗೆ ಬಿಡುತ್ತ, 80 ಸುತ್ತು ಸುತ್ತಿ, ಕಾಯಿಲಿನ ಎರಡು ತುದಿಗಳಿಗೆ ನಿಲಯ ಆರಿಸಲು ತಿರುಗಿಸುವ, ಹಳೆಯ ರೇಡಿಯೋದ ಗ್ಯಾಂಗ್ ಕಂಡೆನ್ಸರನ್ನು ಜೋಡಿಸಿದರೆ ಮೀಡಿಯಂ ವೇವ್ ಬಹುಪಾಲು ಸಿಗುತ್ತದೆ. ಕಾಯಿಲಿನ ಒಂದು ತುದಿಗೆ ಏರಿಯಲ್ ಮತ್ತು ಡಯೋಡ್, ಇನ್ನೊಂದು ತುದಿಗೆ ಅರ್ಥ್. ಡಯೋಡಿನ ಆಚೆ ತುದಿ ಮತ್ತು ಅರ್ಥ್ ನಡುವೆ ಕ್ರಿಸ್ಟಲ್ ಇಯರ್‌ಫೋನ್. ಮೊಬೈಲಿನ ಇಯರ್‌ಫೋನ್ ಇದಕ್ಕೆ ಒದಗುವುದಿಲ್ಲ.

ಮನೆಯಿಂದ ತೆಂಗಿನ ಮರಕ್ಕೆ ಕಟ್ಟಿದ ಹತ್ತು ಹದಿನೈದು ಮೀಟರ್ ತಂತಿ ಒಳ್ಳೆಯ ಏರಿಯಲ್ ಆಗುತ್ತದೆ, ಆದರೆ ಅದು ಮೆಸ್ಕಾಂನ ವಿದ್ಯುತ್ ತಂತಿಗಳ ಹತ್ತಿರವೂ ಸುಳಿಯಬಾರದು, ಮೋಡ ಕಾಣಿಸಿದೊಡನೆ ಬಿಚ್ಚಿ ಕೆಳಗಿಳಿಸಬೇಕು. ಅರ್ಥ್‌ಗಾಗಿ ಬಾವಿಕಟ್ಟೆಯ ಬಳಿ, ನೀರು ಚೆಲ್ಲಿ ಸದಾ ಒದ್ದೆಯಿರುವ ಮಣ್ಣಿನಲ್ಲಿ ಕಬ್ಬಿಣದ ಸಲಾಕೆಯನ್ನು ಹೊಡೆಯಬೇಕು. ಮನೆಯ ಪ್ಲಗ್ಗಿನ ಅರ್ಥ್ ಬಳಸಕೂಡದು. ಈ ಸೆಟ್ಟಿಗೆ ಸ್ವಂತ ಬ್ಯಾಟರಿ ಇಲ್ಲದ್ದರಿಂದ, ಹತ್ತಿರದ ಮೀಡಿಯಂ ವೇವ್ ನಿಲಯದ ಅಲೆ ಬಲವಾಗಿ ಬರುವ ಜಾಗದಲ್ಲಿ ಮಾತ್ರ ಇದು ಮಾತಾಡುತ್ತದೆ. ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾದ ಮೇಲೆ ಕರಾವಳಿಯವರು ಕೇಳಿ ಬೆಳೆದ 1089 ಕಿಲೋಹರ್ಟ್ಸ್ ಪ್ರಸಾರಕ್ಕೆ ಟ್ರಾನ್ಸ್‌ಮಿಟರ್ ಹಾಕಿದ್ದು ಬ್ರಹ್ಮಾವರದಲ್ಲಿ. ನಿಮ್ಮ ಊರಿನಲ್ಲಿ ಯಾವ ನಿಲಯ ಬಲವಾಗಿ ಸಿಗುತ್ತದೆ ಎಂದು ಮೊದಲು ಸಾಮಾನ್ಯ ಟ್ರಾನ್ಸಿಸ್ಟರಿನಲ್ಲಿ ಕೇಳಿ ಗುರುತು ಹಾಕಿಕೊಂಡು, ಆ ಮೇಲೆ ಗ್ಯಾಂಗನ್ನು ತಿರುಗಿಸತೊಡಗಬೇಕು. ಎಫ್‌ಎಂ ನಿಲಯಗಳನ್ನು ಕೇಳಲು ಈ ಸೆಟ್ಟು ಆಗುವುದಿಲ್ಲ. ಎರಡು ನಿಲಯಗಳು ಒಟ್ಟಿಗೆ ಬೆರೆತು ಕೇಳಿದರೆ, ಕಾಯಿಲ್ ಸುತ್ತುವಾಗಲೇ ಇಪ್ಪತ್ತು ಸುತ್ತಿಗೊಮ್ಮೆ ತಂತಿಯನ್ನು ಸಣ್ಣಗೆ ಮಡಿಸಿ ಹೊರಗೆ ಬಿಟ್ಟಿರುವ ಜಾಗಗಳಲ್ಲಿ ಎನಾಮಲ್ ಕೆರೆದು, ಏರಿಯಲನ್ನು ಅರ್ಥ್ ಬದಿಯ ಮಡಿಕೆಗೆ ಬದಲಾಯಿಸಬೇಕು. ಸದ್ದು ಸ್ವಲ್ಪ ಇಳಿಯುತ್ತದೆ, ನಿಲಯಗಳು ಬೇರೆಯಾಗುತ್ತವೆ.